ಮಳೆಗಾಲ ತಾಳುವ ಜರ್ನಲ್ ಯಾವುದು? ಅಂಟು, ಫೋಟೊ, ತಿಂಗಳ ಥೀಮ್: ಒಂದು ಹೋಲಿಕೆ

ಮಳೆ ಕಡಿಮೆಯ ಅರಸೀಕೆರೆ, ಕಡೂರಿನ ಕಡೆ ಜರ್ನಲ್‌ನಲ್ಲಿ, ಅಂದರೆ ಫೋಟೊ, ಟಿಕೆಟ್ಟು ಅಂಟಿಸಿ ನೆನಪು ಬರೆದಿಡುವ ಪುಸ್ತಕದಲ್ಲಿ, ವರ್ಷಗಟ್ಟಲೆ ಅಲುಗದೆ ಕೂರುವ ಸ್ಟಿಕ್ಕರ್, ಮಲೆನಾಡಿನ ಮೂಡಿಗೆರೆ ಅಥವಾ ಸಕಲೇಶಪುರದಲ್ಲಿ ಒಂದೇ ಆಷಾಢಕ್ಕೆ ಮೂಲೆ ಎತ್ತುತ್ತದೆ. ಜರ್ನಲ್ ಅಲಂಕಾರದ ವಿಡಿಯೊಗಳಲ್ಲಿ ಈ ಮಾತು ಬರುವುದೇ ಇಲ್ಲ. ಹಾಗಾಗಿ ಇಲ್ಲಿ ಅಳತೆಗೋಲು ಒಂದೇ: ಒಂದು ಮಳೆಗಾಲ ಕಳೆದ ಮೇಲೆ ಪುಟ ಹೇಗಿದೆ?

ಪುಸ್ತಕದ ವಿಷಯ ಬೇಗ ಮುಗಿಸಬಹುದು. ಶಾಲೆಯ ಲಾಂಗ್ ಬುಕ್ಕಿನ ಹಾಳೆ ತೆಳು, ಸ್ಕೆಚ್ ಪೆನ್ ಹಿಂದಕ್ಕೆ ಕಾಣುತ್ತದೆ. 160 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ಚುಕ್ಕಿ ಹಾಳೆಯ ಪುಸ್ತಕ ತೆಳುವಾದ ಜಲವರ್ಣಕ್ಕೂ ಬಗ್ಗದು, ಆದರೆ ದಪ್ಪ. ಫೋಟೊ ಅಂಟಿಸುತ್ತ ಹೋದರೆ ವರ್ಷದ ಕೊನೆಗೆ ರಟ್ಟು ಬಾಯಿ ಬಿಡುತ್ತದೆ. ರಿಂಗ್ ಫೈಲಿಗೆ ಎಷ್ಟು ಹಾಳೆ ಬೇಕಾದರೂ ಸೇರಿಸಬಹುದು, ಆದರೆ ಕೈಯಲ್ಲಿ ಹಿಡಿದರೆ ಆಫೀಸಿನ ಕಡತದಂತಿರುತ್ತದೆ. ನಮ್ಮ ಆಯ್ಕೆ 120 ಜಿಎಸ್‌ಎಂ, ದಾರದಲ್ಲಿ ಹೊಲಿದ ಪುಸ್ತಕ. ಅಂಟಿಸುವ ಫೋಟೊಗಳ ದಪ್ಪಕ್ಕೆ ಜಾಗವಾಗಲೆಂದು, ಅಂಟಿಸಲು ಶುರು ಮಾಡುವ ಮೊದಲೇ ಪ್ರತಿ ನಾಲ್ಕು ಹಾಳೆಗೆ ಒಂದನ್ನು ಕತ್ತರಿಸಿ ತೆಗೆಯಿರಿ. ಬೆನ್ನಿನ ಕಡೆ 1.5 ಸೆಂ.ಮೀ. ಪಟ್ಟಿ ಉಳಿಯಲೇಬೇಕು. ಬುಡದವರೆಗೆ ಕತ್ತರಿಸಿದರೆ ಅದೇ ಹೊಲಿಗೆಯ ಜೋಡಿ ಹಾಳೆ ಸಡಿಲವಾಗಿ ಕೈಗೆ ಬರುತ್ತದೆ.

ಅಂಟಿನ ಮಾತಿಗೆ ಬಂದರೆ ಸ್ವಲ್ಪ ನಿಲ್ಲಬೇಕು, ಹೆಚ್ಚು ಪುಟ ಹಾಳಾಗುವುದು ಇಲ್ಲೇ.

ಬಿಳಿ ಗಮ್ ಗಟ್ಟಿ ಹಿಡಿಯುತ್ತದೆ, ಅಗ್ಗ. ಆದರೆ ಅದರಲ್ಲಿ ನೀರಿದೆ. ಕಾಗದದ ನಾರು ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಪುಟದಲ್ಲಿ ಅಲೆ ಏಳುವುದು ಅದಕ್ಕೇ. ಹಳೆಯ ಎಟಿಎಂ ಕಾರ್ಡಿನಂಚಿನಿಂದ ತೆಳುವಾಗಿ, ನಡುವಿನಿಂದ ಅಂಚಿಗೆ ಎಳೆದು, ಬಟರ್ ಪೇಪರ್ ಮುಚ್ಚಿ ರಾತ್ರಿಯಿಡೀ ಭಾರ ಹೇರಿದರೆ ಬೇಸಿಗೆಯಲ್ಲಿ ನಡೆದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಬೇಡವೇ ಬೇಡ. ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಗ್ಲೂ ಸ್ಟಿಕ್‌ನಲ್ಲಿ ನೀರು ಕಡಿಮೆ, ಅಲೆ ಏಳದು. ಕಾಗದಕ್ಕೆ ಕಾಗದ ಹಚ್ಚಲು, ಅಂದರೆ ಆಮಂತ್ರಣದ ತುಂಡು, ಪತ್ರಿಕೆಯ ಕತ್ತರಿಕೆಗೆ ಇದೇ ಸರಿ. ಸ್ಟುಡಿಯೊ ಫೋಟೊಗೆ ಮಾತ್ರ ಸೋಲುತ್ತದೆ. ಆ ಫೋಟೊ ಕಾಗದದ ಎರಡೂ ಮೈಗೆ ಪ್ಲಾಸ್ಟಿಕ್ ಲೇಪ ಇರುವುದರಿಂದ ಅಂಟು ಒಳಗಿಳಿಯುವುದಿಲ್ಲ.

ಡಬಲ್ ಸೈಡ್ ಟೇಪ್‌ನಲ್ಲಿ ನೀರೇ ಇಲ್ಲ. 12 ಮಿ.ಮೀ. ಅಗಲದ ತೆಳು ಟೇಪನ್ನು ಫೋಟೊದ ನಾಲ್ಕೂ ಅಂಚಿಗೆ, ಅಂಚಿನಿಂದ 2 ಮಿ.ಮೀ. ಒಳಗೆ ಹಚ್ಚಿದರೆ ಮಳೆಗಾಲ ದಾಟುತ್ತದೆ. ತೊಂದರೆ ಎಂದರೆ ಒಮ್ಮೆ ಕೂತದ್ದು ಏಳುವುದಿಲ್ಲ, ಎಬ್ಬಿಸಿದರೆ ಪುಟವೂ ಹರಿಯುತ್ತದೆ. ಸ್ಪಂಜಿನ ಟೇಪ್ ದಪ್ಪ, ಬಿಡಿ.

ಹಳೆಯ ಆಲ್ಬಮ್ಮುಗಳ ಮೂಲೆಪಟ್ಟಿಯೇ ನಮ್ಮ ಲೆಕ್ಕದಲ್ಲಿ ಗೆಲ್ಲುವುದು. ಮನೆಯಲ್ಲೇ ಮಾಡಬಹುದು: 4 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಕಾಗದದ ಪಟ್ಟಿ ತೆಗೆದುಕೊಳ್ಳಿ. ಮೇಲಂಚಿನ ನಡುಬಿಂದುವಿನಿಂದ ಎರಡೂ ಬದಿಯನ್ನು ಓರೆಯಾಗಿ ಕೆಳಗೆ ಮಡಚಿದರೆ ತ್ರಿಕೋನವಾಗುತ್ತದೆ. ಮಡಿಕೆಯ ಕಡೆಗೆ ಗ್ಲೂ ಸ್ಟಿಕ್ ಹಚ್ಚಿ ಪುಟಕ್ಕೆ ಒತ್ತಿ, ಫೋಟೊ ಮೂಲೆ ತೂರಿಸಿ. ಫೋಟೊಗೆ ಅಂಟೇ ತಾಕುವುದಿಲ್ಲ. ಹೊರತೆಗೆದು ಹಿಂದೆ ಬರೆದದ್ದನ್ನು ಓದಬಹುದು. ಹಳೆಯ ಮದುವೆ ಫೋಟೊ, ಅಜ್ಜಿಯ ಕೈಬರಹ, ಹೀಗೆ ಮತ್ತೆ ಸಿಗದ ವಸ್ತುವಿಗೆ ಬೇರೆ ಯಾವುದನ್ನೂ ಬಳಸಬೇಡಿ. ಸೆಲ್ಲೋಟೇಪನ್ನಂತೂ ಮುಟ್ಟಬೇಡಿ. ಅದು ಹಳದಿಯಾಗಿ, ಎಣ್ಣೆಯ ಕಲೆ ಬಿಟ್ಟು, ಕೊನೆಗೆ ತಾನೇ ಉದುರುತ್ತದೆ.

ವಾಶಿ ಟೇಪ್, ಅಂದರೆ ಚಿತ್ತಾರದ ಕಾಗದದ ಟೇಪ್? ಚೆಂದವೇನೋ ಹೌದು, ಆದರೆ ಅದು ಸುಲಭವಾಗಿ ಏಳಲೆಂದೇ ಮಾಡಿದ ಟೇಪ್. ಭಾರ ಹೊರಿಸದೆ ಅಂಚಿಗಷ್ಟೇ ಬಳಸಿ. ಪುಟದ ಅಂಚು ದಾಟಿಸಿ 1 ಸೆಂ.ಮೀ. ಹಿಂದಕ್ಕೆ ಮಡಚಿದರೆ ಮೂಲೆ ಏಳುವುದು ಕಡಿಮೆ.

ಫೋಟೊ ಮುದ್ರಣದಲ್ಲೂ ಹೀಗೇ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಸಾದಾ ಹಾಳೆಗೆ ತೆಗೆದ ಚಿತ್ರದ ಬಣ್ಣ ಒದ್ದೆ ಬೆರಳು ತಾಕಿದರೆ ಹರಡುತ್ತದೆ. ಕಲರ್ ಜೆರಾಕ್ಸ್ ನೀರಿಗೆ ಹೆದರದು, ಆದರೆ ಮಡಚಿದ ಕಡೆ ಪುಡಿ ಉದುರಿ ಬಿಳಿ ಗೆರೆ ಬೀಳುತ್ತದೆ. ಸ್ಟುಡಿಯೊದ 4x6 ಇಂಚಿನ ಪ್ರಿಂಟ್ ಎಲ್ಲಕ್ಕಿಂತ ಬಾಳಿಕೆ ಬರುತ್ತದೆ. ಒಂದು ಫೋಟೊಗೆ ಒಂದು ಪ್ರಿಂಟ್ ಹಾಕಿಸಬೇಡಿ: ಮೊಬೈಲಿನ ಕೊಲಾಜ್ ಆ್ಯಪಿನಲ್ಲಿ 2x2 ಇಂಚಿನ ಆರು ಚಿತ್ರ ಜೋಡಿಸಿದರೆ ಒಂದೇ 4x6 ಹಾಳೆ ಭರ್ತಿ. ಮುದ್ರಿಸುವಾಗ ಯಂತ್ರ ಅಂಚನ್ನು ತುಸು ಕತ್ತರಿಸುತ್ತದೆ, ಮುಖಗಳು ಸುತ್ತಲೂ 3 ಮಿ.ಮೀ. ಒಳಗಿರಲಿ.

ಬಸ್ಸಿನ ಮಿಷಿನ್ ಟಿಕೆಟ್ ಅಂಟಿಸುವವರು ಗಮನಿಸಿ: ಅದು ಶಾಖಕ್ಕೆ ಕಪ್ಪಾಗುವ ಕಾಗದ, ಶಾಯಿ ಇರುವುದಿಲ್ಲ. ಬೆಳಕಿಗೂ ಅಂಟಿಗೂ ಅಕ್ಷರ ಮಾಸುತ್ತದೆ. ಇಳಿದ ದಿನವೇ ಜೆರಾಕ್ಸ್ ಮಾಡಿಸಿ ಅದನ್ನೇ ಅಂಟಿಸಿ.

ಹೂವು, ಎಲೆಗಳಲ್ಲಿ ಕಾಫಿ ಹೂವು ಆಸೆ ಹುಟ್ಟಿಸಿ ಮೋಸ ಮಾಡುತ್ತದೆ. ಒತ್ತಿಟ್ಟರೆ ಬಿಳುಪು ಹೋಗಿ ಕಂದು. ಕಾಫಿ ಎಲೆ ವಾಸಿ: ಮೊದಲ ನಾಲ್ಕು ದಿನ ದಿನವೂ ನ್ಯೂಸ್‌ಪೇಪರ್ ಬದಲಿಸಿ, ಆಮೇಲೆ ಹತ್ತು ದಿನ ಭಾರದಡಿ ಬಿಡಿ. ಮಳೆಗಾಲದಲ್ಲಿ ಒತ್ತುವುದರ ಬದಲು ಎಲೆಯ ಬೆನ್ನು ಮೇಲಾಗಿಟ್ಟು, ತೆಳು ಹಾಳೆ ಹಾಸಿ, ಮೇಣದ ಕ್ರೆಯಾನ್ ಅಡ್ಡ ಉಜ್ಜಿ. ನರಗಳು ಮೂಡುತ್ತವೆ, ಬೂಷ್ಟಿನ ಭಯವಿಲ್ಲ. ಮಕ್ಕಳು ಕೈಗೆ ಒತ್ತಿಕೊಳ್ಳುವ, ಹಿಂಬದಿ ಬಿಳಿ ಪುಡಿಯ ಜರಿಗಿಡವನ್ನು ಕಪ್ಪು ಕಾಗದಕ್ಕೆ ಒತ್ತಿದರೆ ಅದ್ಭುತವಾಗಿ ಮೂಡುತ್ತದೆ, ಬೆರಳು ತಾಕಿದರೆ ಅಳಿಸಿಯೂ ಹೋಗುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ, ಸಾಕು.

ಬಣ್ಣದಲ್ಲಿ ಕಲರ್ ಪೆನ್ಸಿಲ್ ನಿಶ್ಚಿಂತೆ. ಅಕ್ರಿಲಿಕ್ ಬಳಿದ ಎರಡು ಪುಟ ಎದುರುಬದುರಾದರೆ ತೇವಕ್ಕೆ ಒಂದಕ್ಕೊಂದು ಹತ್ತಿಕೊಳ್ಳುತ್ತವೆ, ನಡುವೆ ಬಟರ್ ಪೇಪರ್ ಇಡಲೇಬೇಕು.

ಇನ್ನು ಥೀಮ್, ಅಂದರೆ ಆಯಾ ತಿಂಗಳ ಪುಟದ ವಿಷಯ. ಜನವರಿಗೆ ಕಾಫಿ ಕೊಯ್ಲು, ಮಾರ್ಚಿಗೆ ಕಾಫಿ ಹೂವು ಎಂದು ಇಂಗ್ಲಿಷ್ ತಿಂಗಳಿಗೆ ಕಟ್ಟುವುದು ಸುಲಭ. ಹಬ್ಬಕ್ಕೆ ಅದು ಒಗ್ಗುವುದಿಲ್ಲ. ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟ ಹತ್ತುವ ನರಕ ಚತುರ್ದಶಿ 2023ರಲ್ಲಿ ನವೆಂಬರ್ 12ಕ್ಕೆ, 2024ರಲ್ಲಿ ಅಕ್ಟೋಬರ್ 31ಕ್ಕೆ, 2025ರಲ್ಲಿ ಅಕ್ಟೋಬರ್ 20ಕ್ಕೆ ಬಂತು. ಹಾಸನದ ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ದಿನಗಳೂ ಹೀಗೇ ಓಡಾಡುತ್ತವೆ. ಕ್ಯಾಲೆಂಡರ್ ನೋಡದೆ ಅಕ್ಟೋಬರ್ ಪುಟಕ್ಕೆ ದೀಪ ಬಿಡಿಸಿಟ್ಟರೆ ನೆನಪುಗಳು ಇನ್ನೊಂದು ಪುಟಕ್ಕೆ ಹೋಗುತ್ತವೆ. ಮಳೆಗಾಲಕ್ಕಂತೂ ಮಳೆ ನಕ್ಷತ್ರಗಳೇ ಚೆನ್ನ. ಆರಿದ್ರಾ ಜೂನ್ 22ರ ಆಸುಪಾಸು, ಪುನರ್ವಸು ಜುಲೈ 6, ಪುಷ್ಯ 20, ಆಶ್ಲೇಷ ಆಗಸ್ಟ್ 3ರ ಸುಮಾರಿಗೆ. ಒಂದೊಂದಕ್ಕೆ ಎರಡು ವಾರ, ಎದುರುಬದುರು ಎರಡು ಪುಟ. ತಿಂಗಳಿಡೀ ಒಂದೇ ಕೊಡೆಯ ಚಿತ್ರ ನೋಡುವ ಬೇಸರವೂ ತಪ್ಪುತ್ತದೆ.

ಥೀಮ್ ಪುಟವನ್ನು ತಿಂಗಳ ಮೊದಲೇ ತುಂಬಿಸುವವರ ಪುಟ ಅಂದವಾಗಿರುತ್ತದೆ, ನೆನಪಿಗೆ ಜಾಗ ಇರುವುದಿಲ್ಲ. ಕೊನೆಗೆ ಕೂರುವವರ ಹತ್ತಿರ ನೆನಪು ಇರುತ್ತದೆ, ಅರ್ಧ ಪುಟ ಖಾಲಿಯೇ ಉಳಿಯುತ್ತದೆ. ಮೊದಲ ದಿನ ಹೆಸರು, ಅಂಚು ಮತ್ತು 2x2 ಇಂಚಿನ ನಾಲ್ಕು ಖಾಲಿ ಚೌಕ ಪೆನ್ಸಿಲಿನಲ್ಲಿ ಗುರುತು ಹಾಕಿ. ಟಿಕೆಟ್ಟು, ಚೀಟಿಗಳನ್ನೆಲ್ಲ ಹಿಂದಿನ ರಟ್ಟಿಗೆ ಹಚ್ಚಿದ ಲಕೋಟೆಯಲ್ಲಿ, ತೇವ ಹೀರುವ ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕುತ್ತಿರಿ. ಅಂಟಿಸುವುದು ಬಿಸಿಲು ಬಿದ್ದ ದಿನವೇ ಆಗಲಿ.