ಹಳೆಯ ಬೋರ್ಡೊ ವೈನ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ನನ್ನ ಹೆಂಡತಿ ಹುಟ್ಟಿದ್ದು 1990ರಲ್ಲಿ. ಆ ವರ್ಷ ಫ್ರಾನ್ಸಿನ ಬೋರ್ಡೊದಲ್ಲಿ ಒಳ್ಳೆಯ ಬಿಸಿಲು ಬಿದ್ದು ದ್ರಾಕ್ಷಿ ಚೆನ್ನಾಗಿ ಮಾಗಿತ್ತು. ಅಲ್ಲಿನ ಮೆಡಾಕ್ ಪ್ರದೇಶದ ಆಗಿನ ವೈನ್‌ಗಳನ್ನು ಜನ ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ. ನಾನೂ ಅವಳ ಹುಟ್ಟುಹಬ್ಬಕ್ಕೆಂದು ಎರಡು ಬಾಟಲಿ ಕೊಂಡೆ, ಒಂದಕ್ಕೆ 140 ಯೂರೋ. ಎರಡೂ ದಕ್ಕಲಿಲ್ಲ. ಒಂದು ಮಾರಿದವರ ಮನೆಯಲ್ಲೇ ಕೆಟ್ಟಿತ್ತು, ಇನ್ನೊಂದನ್ನು ಕೈಯಾರೆ ಕೆಡಿಸಿದೆ.

ಮಾರಿದವರು ಇಲ್ಲೇ ಫ್ರಾನ್ಸಿನ ಟೂಲೂಸ್ ಹತ್ತಿರದ ಒಬ್ಬರು. ತಾತನ ನೆಲಮಾಳಿಗೆಯಲ್ಲಿದ್ದದ್ದು ಅಂದರು. ಕಳಿಸಿದ ಫೋಟೋದಲ್ಲಿ ಲೇಬಲ್ ಮಾತ್ರ ಕಾಣುತ್ತಿತ್ತು, ನಾನು ಅದಕ್ಕೇ ಮರುಳಾದೆ. ನೋಡಬೇಕಾದದ್ದು ಬಾಟಲಿಯ ಭುಜವನ್ನು, ಅಂದರೆ ಕುತ್ತಿಗೆಯ ಕೆಳಗೆ ಬಾಟಲಿ ಅಗಲವಾಗುವ ಭಾಗವನ್ನು. ವರ್ಷಗಳು ಕಳೆದಂತೆ ಬಿರಡೆಯ ಸಂದಿನಿಂದ ವೈನ್ ಚೂರುಚೂರೇ ಆವಿಯಾಗಿ ಮಟ್ಟ ಇಳಿಯುತ್ತದೆ. ಮೂವತ್ತು ವರ್ಷದ ಬಾಟಲಿಯಲ್ಲಿ ಅದು ಕುತ್ತಿಗೆಯ ಬುಡದಲ್ಲೋ ಭುಜದ ಮೇಲ್ತುದಿಯಲ್ಲೋ ಇದ್ದರೆ ಭಯವಿಲ್ಲ. ಭುಜದ ನಡುವಿಗೆ ಬಂದಿದ್ದರೆ ಒಳಗೆ ಗಾಳಿ ಹೊಕ್ಕಿರುವ ಸಂಭವ ಹೆಚ್ಚು. ನನ್ನ ಮೊದಲ ಬಾಟಲಿ ಹಾಗೇ ಇತ್ತು. ಬಾಯಿಯ ಲೋಹದ ಹೊದಿಕೆಯ ಕೆಳಗೆ ಅಂಟಂಟಾದ ಕಂದು ಗೆರೆ ಬೇರೆ. ಸೆಕೆಗೆ ವೈನ್ ಹಿಗ್ಗಿ ಬಿರಡೆಯ ಪಕ್ಕದಿಂದ ಒಸರಿದರೆ ಹಾಗಾಗುತ್ತದೆ. ತೆರೆದರೆ ಹಳೆಯ ಬೆಲ್ಲದ ಬಣ್ಣ, ಕುದಿಸಿದ ಒಣದ್ರಾಕ್ಷಿಯ ವಾಸನೆ, ಅದರ ಹಿಂದೆಯೇ ವಿನಿಗರ್. ಸಿಂಕಿಗೆ ಸುರಿದೆ.

ಹೊಟ್ಟೆ ಉರಿಯುವುದು ಎರಡನೆಯದನ್ನು ನೆನೆದರೆ.

ಊಟ ರಾತ್ರಿ 8ಕ್ಕೆ. ರೆಡ್ ವೈನಿಗೆ ಗಾಳಿಯಾಡಬೇಕು ಅನ್ನುವುದನ್ನು ಹತ್ತಾರು ಕಡೆ ಕೇಳಿದ್ದೆನಲ್ಲ, ಸಂಜೆ 5ಕ್ಕೇ ತೆರೆದು ಅಗಲ ತಳದ ಗಾಜಿನ ಹೂಜಿಗೆ ಸುರಿದೆ. ಒಂದು ಗುಟುಕು ರುಚಿ ನೋಡಿದೆ. ಅಂಚಿನಲ್ಲಿ ಇಟ್ಟಿಗೆ ಕೆಂಪು, ನಡುವೆ ಇನ್ನೂ ಗಾಢ. ಮೂಗಿಗೆ ಮೊದಲು ದೇವದಾರು ಮರ, ಆಮೇಲೆ ಹೊಗೆಸೊಪ್ಪು, ಕೊನೆಗೆ ಮಳೆಗೆ ನೆನೆದ ಕಾಡಿನ ತರಗೆಲೆ. ಒಗರೆಲ್ಲ ಕರಗಿ ನಾಲಿಗೆಯ ಮೇಲೆ ಮೆತ್ತಗೆ ಜಾರಿತು. ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿತ್ತು. ಅಂಥದ್ದನ್ನು ನಾನು ಅದುವರೆಗೆ ಕುಡಿದಿರಲಿಲ್ಲ. ಉಳಿದದ್ದು ಅವಳಿಗಿರಲಿ ಅಂತ ಗ್ಲಾಸ್ ಕೆಳಗಿಟ್ಟೆ.

8ಕ್ಕೆ ಅವಳ ಗ್ಲಾಸಿಗೆ ಹಾಕಿದಾಗ ಆ ಘಮ ಎಲ್ಲೂ ಇಲ್ಲ. ತೆಳ್ಳಗೆ, ಹುಳಿಹುಳಿ, ಜೊತೆಗೆ ಗಸಿಯ ಕಹಿ. ಅವಳು ಏನೂ ಅನ್ನದೆ ಎರಡು ಗುಟುಕು ಕುಡಿದಳು.

ಊಟಕ್ಕೆ ಬಂದಿದ್ದ ಸಹೋದ್ಯೋಗಿಯ ಮಾವ ಮೆಡಾಕ್ ಕಡೆಯವರು. ತಪ್ಪೆಲ್ಲಾಯಿತೆಂದು ಆ ಸಹೋದ್ಯೋಗಿಯೇ ಬಿಡಿಸಿ ಹೇಳಿದರು. ಗಾಳಿಯಾಡಿಸುವುದು ಒಗರು ತುಂಬಿದ ಎಳೆಯ ವೈನಿಗೆ. ಹಳೆಯದರಲ್ಲಿ ಒಗರೂ ಬಣ್ಣವೂ ಒಂದಕ್ಕೊಂದು ಕೂಡಿಕೊಂಡು ಗಸಿಯಾಗಿ ತಳಕ್ಕಿಳಿದಿರುತ್ತವೆ. ಉಳಿಯುವುದು ಸೂಕ್ಷ್ಮ ಘಮ, ಅದನ್ನು ಗಾಳಿ ಬೇಗ ತಿಂದುಬಿಡುತ್ತದೆ. ಮಲಗಿಸಿಟ್ಟ ಬಾಟಲಿಯನ್ನು, ಗಸಿ ತಳಕ್ಕೆ ಕೂರಲೆಂದು, ಎರಡು ದಿನ ಮುಂಚೆಯೇ ನೆಟ್ಟಗೆ ನಿಲ್ಲಿಸಬೇಕು. ನಾನು ಮಲಗಿದ್ದಲ್ಲಿಂದಲೇ ಎತ್ತಿ ಸುರಿದಿದ್ದೆ. ಹಳೆಯ ಬಿರಡೆ ತಿರುಪಿನ ಓಪನರಿಗೆ ಪುಡಿಪುಡಿಯಾಗಬಹುದು. ಎರಡು ತೆಳು ಪಟ್ಟಿಗಳನ್ನು ಇಕ್ಕೆಲದಲ್ಲಿ ಇಳಿಸಿ ತಿರುಗಿಸುತ್ತ ಎತ್ತುವ ಓಪನರ್ ಸಿಗುತ್ತದೆ, ಅದನ್ನೇ ಬಳಸಿ. ಊಟಕ್ಕೆ ಕೂರುವಾಗಲೇ ಕುತ್ತಿಗೆಯ ಕೆಳಗೆ ಟಾರ್ಚ್ ಹಿಡಿದು, ನಡುವೆ ನಿಲ್ಲಿಸದೆ ನಿಧಾನವಾಗಿ ಬಗ್ಗಿಸಿ. ಗಸಿಯ ಕಪ್ಪು ಎಳೆ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿ. ತಳದಲ್ಲಿ ಉಳಿದದ್ದರ ಆಸೆ ಬೇಡ. ಇನ್ನೊಂದು, ಕೋಣೆಯ ಉಷ್ಣಾಂಶದಲ್ಲಿ ಬಡಿಸಿ ಅನ್ನುವ ಮಾತು ಹೀಟರ್ ಇಲ್ಲದ ಕಾಲದ ಫ್ರೆಂಚ್ ಮನೆಗಳದ್ದು. 16ರಿಂದ 18 ಡಿಗ್ರಿ ಇರಬೇಕು. ಅವತ್ತು ನಮ್ಮ ಹಾಲ್‌ನಲ್ಲಿ 25 ಇತ್ತು.

ಬೆಂಗಳೂರಿಗೆ ಒಯ್ಯುವವರು ಇದನ್ನೂ ನೋಡಿಕೊಳ್ಳಿ. ಸೂಟ್‌ಕೇಸಿನಲ್ಲಿ ಕುಲುಕಾಡಿದ ಗಸಿ ಒಂದೇ ದಿನದಲ್ಲಿ ಕೂರುವುದಿಲ್ಲ, ಇಳಿದ ರಾತ್ರಿಯೇ ತೆರೆಯಬೇಡಿ. ಒಂದೆರಡು ವಾರ ಅಲುಗಾಡದ ಹಾಗೆ ತಂಪು ಕತ್ತಲಲ್ಲಿಡಿ. ಫ್ರಿಜ್ ಮೇಲೆ, ಒಲೆ ಪಕ್ಕದ ಕಪಾಟಿನಲ್ಲಿ ಬೇಡವೇ ಬೇಡ. ಕೊಳ್ಳುವಾಗ, ಬಾಟಲಿಯ ಹಿಂದೆ ಬೆಳಕು ಹಿಡಿದು ಭುಜ ಕಾಣುವ ಹಾಗೆ ತೆಗೆದ ಫೋಟೋ ಕೇಳಿ. ಕಳಿಸದಿದ್ದರೆ ದುಡ್ಡು ಕೊಡಬೇಡಿ.