ಕರ್ನಲ್ ಫಂಕ್ಷನ್ ಸೋತರೆ ಏನು ರಿಟರ್ನ್ ಮಾಡಬೇಕು: ಒಂದೇ ಡ್ರೈವರ್, ಮೂರು ಪದ್ಧತಿ

ಮಂಡ್ಯದ ನಾಲೆಯಲ್ಲಿ ನೀರಿನ ಮಟ್ಟ ಅಳೆಯುವ ಐ2ಸಿ (ಚಿಪ್‌ಗಳನ್ನು ಜೋಡಿಸುವ ಎರಡು ವೈರ್‌ನ ಬಸ್) ಸೆನ್ಸರ್‌ಗೆ ಒಂದು ಲಿನಕ್ಸ್ ಡ್ರೈವರ್, ಅಂದರೆ ಸೆನ್ಸರ್ ಜೊತೆ ಮಾತಾಡಲು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೆ ಓಡುವ ಕೋಡ್. ಮೈಸೂರಿನ ಬೆಂಚಿನ ಮೇಲೆ ಅದನ್ನೇ ಮೂರು ಥರ ಬರೆದು, ಪ್ರತಿ ಸಲವೂ ಸೆನ್ಸರ್ ವೈರ್ ಕಿತ್ತು, ಮೆಮೊರಿ ಸಿಗದಂತೆ ಮಾಡಿ ನೋಡಿದ್ದಾಯಿತು.

ಟ್ರೂ ಅಥವಾ ಫಾಲ್ಸ್ ಎಂದಷ್ಟೇ ಹೇಳುವ ಬೂಲ್ ಪದ್ಧತಿ ಬೇಗ ಸೋತಿತು. ಫಾಲ್ಸ್ ಬಂತು, ಸರಿ, ಆದರೆ ಯಾಕೆ? ವಿದ್ಯುತ್ ಕೊಡುವ ರೆಗ್ಯುಲೇಟರ್ ಇನ್ನೂ ಎದ್ದಿಲ್ಲ, ಆಮೇಲೆ ಬಾ ಎನ್ನುವ ಇಪ್ರೋಬ್_ಡಿಫರ್ (ಮೈನಸ್ 517) ಮತ್ತು ಸೆನ್ಸರೇ ಇಲ್ಲ ಎನ್ನುವ ಎರರ್ ಎರಡೂ ಒಂದೇ ಫಾಲ್ಸ್ ಆಗಿಬಿಡುತ್ತವೆ. ‘ಇದೆಯಾ?’ ಎಂದು ಕೇಳುವ ಫಂಕ್ಷನ್‌ಗಳಿಗೆ ಬೂಲ್ ಸಾಕು. ಕೆಲಸ ಮಾಡುವ ಫಂಕ್ಷನ್‌ಗೆ 0 ಅಥವಾ ಮೈನಸ್ ಎರರ್ ನಂಬರ್ ಬೇಕು. ಲಿನಕ್ಸ್‌ನ ಕೋಡಿಂಗ್ ಸ್ಟೈಲ್ ಹೇಳುವುದೂ ಇದನ್ನೇ.

ಎರಡನೆಯದು ಆ ಮೈನಸ್ ಪದ್ಧತಿ. ಎರರ್ ಮತ್ತು ರೀಡಿಂಗ್ ಎರಡೂ ಮೈನಸ್ಸನ್ನೂ ಹಿಡಿಯುವ ಒಂದೇ ಇಂಟ್‌ನಲ್ಲಿ ಬರುವುದರಿಂದ ಕೋಡ್ ಚಿಕ್ಕದು, ತೊಂದರೆಯೂ ಅಲ್ಲೇ. ವೈರ್ ಕಿತ್ತರೆ ಹಲವು ಐ2ಸಿ ಕಂಟ್ರೋಲರ್‌ಗಳು ಇಎನ್‌ಎಕ್ಸ್‌ಐಓ, ಅಂದರೆ ‘ಸಾಧನವೇ ಇಲ್ಲ’ ಎನ್ನುವ ಮೈನಸ್ 6 ಕೊಡುತ್ತವೆ. ರೀಡಿಂಗ್ ಹೇಗೂ 16 ಬಿಟ್ ತಾನೇ ಎಂದು ಅದನ್ನು ಮೈನಸ್ ಹಿಡಿಯದ ಯು16ಗೆ ಹಾಕಿದರೆ 65530 ಆಗುತ್ತದೆ. ‘ಸೊನ್ನೆಗಿಂತ ಕಮ್ಮಿಯಾ’ ಎಂಬ ಚೆಕ್ ಎಂದೂ ನಿಜವಾಗುವುದಿಲ್ಲ. ಮಿಲಿಮೀಟರ್ ಲೆಕ್ಕದಲ್ಲಿ ಅದು 215 ಅಡಿ ನೀರು. ಕೆಆರ್‌ಎಸ್ ತುಂಬಿದರೇ 124.80 ಅಡಿ! ಉಷ್ಣಾಂಶದ ಸೆನ್ಸರ್ ಆದರೆ ಇನ್ನೂ ಕಷ್ಟ: ಕೋಲ್ಡ್ ಸ್ಟೋರೇಜ್‌ನ ಮೈನಸ್ 12 ಡಿಗ್ರಿಗೂ ‘ಮೆಮೊರಿ ಸಿಗಲಿಲ್ಲ’ ಎನ್ನುವ, ಅದೂ ಮೈನಸ್ 12 ಆದ ಇನೋಮೆಮ್‌ಗೂ ವ್ಯತ್ಯಾಸವೇ ಕಾಣದು.

ಇನ್ನೊಂದು ಹಳೇ ಕಾಟ ಗೋಟು ದಾರಿಯದು, ಅಂದರೆ ಸೋತಾಗ ಫಂಕ್ಷನ್‌ನ ಕೊನೆಯ ಕ್ಲೀನಪ್ ಸಾಲುಗಳಿಗೆ ನೇರ ಹಾರುವುದು. ಕ್ಲಾಕ್ ಆನ್ ಆಯಿತು, ರೆಟ್ (ರಿಟರ್ನ್ ಮಾಡಬೇಕಾದ ನಂಬರ್ ಇಡುವ ವೇರಿಯಬಲ್) 0. ಮುಂದಿನ ಸಾಲಿನಲ್ಲಿ ಮೆಮೊರಿ ಸಿಗಲಿಲ್ಲ, ರೆಟ್‌ಗೆ ಮೈನಸ್ ಇನೋಮೆಮ್ ಹಾಕದೆ ನೇರ ಗೋಟು. ಕ್ಲಾಕ್ ಆಫ್ ಆಗಿ, ಡ್ರೈವರ್ ಸಾಧನಕ್ಕೆ ಕೂರುವಾಗ ಓಡುವ ಪ್ರೋಬ್ ಫಂಕ್ಷನ್ 0 ಕೊಡುತ್ತದೆ. ಕರ್ನಲ್ ಡ್ರೈವರ್ ಕೂತಿತು ಅಂದುಕೊಳ್ಳುತ್ತದೆ. ಮಾಡ್ಯೂಲ್ ತೆಗೆಯುವಾಗ ಅದೇ ಕ್ಲಾಕ್ ಎರಡನೇ ಸಲ ಆಫ್.

ಮೂರನೆಯದು ಫ್ರೀಬಿಎಸ್‌ಡಿ (ಲಿನಕ್ಸ್‌ನಂಥ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಶೈಲಿ: 0 ಅಥವಾ ಪ್ಲಸ್ ಎರರ್ ನಂಬರ್, ರೀಡಿಂಗ್ ಬೇರೆ ಪಾಯಿಂಟರ್ (ಮೆಮೊರಿ ವಿಳಾಸ) ಮೂಲಕ. 65530ರ ಗೋಳು ಇಲ್ಲಿಲ್ಲ. ಆದರೆ ಲಿನಕ್ಸ್‌ನೊಳಗೆ ಪ್ಲಸ್ ಚಿಹ್ನೆ ಅಪಾಯ. ರೀಡ್‌ನಿಂದ ಪ್ಲಸ್ ಇಇನ್ವಾಲ್ (‘ಕೊಟ್ಟದ್ದು ತಪ್ಪು’ ಎನ್ನುವ ಎರರ್, ನಂಬರ್ 22) ಹೊರಟರೆ ಅಪ್ಲಿಕೇಷನ್ 22 ಬೈಟ್ ಬಂತು ಎಂದು ನಂಬಿ, ಬಫರ್‌ನಲ್ಲಿದ್ದ ಹಳೇ ಕಸ ಓದುತ್ತದೆ. ಡೇಟಾವನ್ನು ಅಪ್ಲಿಕೇಷನ್‌ಗೆ ದಾಟಿಸುವ ಕಾಪಿ_ಟು_ಯೂಸರ್ ಕೊಡುವ ‘ಕಾಪಿಯಾಗದೆ ಉಳಿದ ಬೈಟ್’ ಸಂಖ್ಯೆಯನ್ನು ಹಾಗೇ ರಿಟರ್ನ್ ಮಾಡಿದರೂ ಇದೇ ಗತಿ; ಅಲ್ಲಿ ಮೈನಸ್ ಇಫಾಲ್ಟ್ (‘ವಿಳಾಸ ಸರಿಯಿಲ್ಲ’) ಕೊಡಬೇಕು. (ಫ್ರೀಬಿಎಸ್‌ಡಿ ಪ್ರೋಬ್‌ನಲ್ಲಂತೂ ಮೈನಸ್ 20 ಎಂದರೆ ಯಶಸ್ಸು. ಪೋರ್ಟ್ ಮಾಡುವವರು ನೋಡಿಕೊಳ್ಳಿ.)

ಹಾಗಾಗಿ ಉಳಿಸಿಕೊಂಡದ್ದು ಬೆರಕೆ: ಚಿಹ್ನೆ ಲಿನಕ್ಸ್‌ನದು, ರೀಡಿಂಗ್ ಮಾತ್ರ ಪಾಯಿಂಟರ್‌ನಲ್ಲಿ. ಬಸ್ ಕೊಟ್ಟ ಉತ್ತರ ಮೊದಲು ಇಂಟ್‌ಗೆ, ಮೈನಸ್ ಅಲ್ಲ ಎಂದು ಖಾತ್ರಿಯಾದ ಮೇಲೆ ಯು16ಗೆ.

ಪಾಯಿಂಟರ್ ಕೊಡುವ ಫಂಕ್ಷನ್‌ಗಳನ್ನು ಒಂದೊಂದಾಗಿ ನೋಡಲೇಬೇಕು. ಮೆಮೊರಿ ಕೊಡುವ ಡೆವ್‌ಎಂ_ಕೆಝಡ್‌ಅಲಾಕ್ ಸೋತರೆ ನಲ್ (ಖಾಲಿ ಪಾಯಿಂಟರ್), ಸಾಧನದ ರಿಜಿಸ್ಟರ್‌ಗಳನ್ನು ಮ್ಯಾಪ್ ಮಾಡುವ ಡೆವ್‌ಎಂ_ಐಓರೀಮ್ಯಾಪ್_ರಿಸೋರ್ಸ್ ಸೋತರೆ ಎರ್_ಪಿಟಿಆರ್ (ಎರರ್ ನಂಬರನ್ನೇ ಹೊತ್ತ ಪಾಯಿಂಟರ್). ನಲ್ ಪಾಯಿಂಟರ್, ಎರ್_ಪಿಟಿಆರ್ ಹಿಡಿಯುವ ಇಸ್_ಎರ್ ಚೆಕ್ಕನ್ನು ಸಲೀಸಾಗಿ ದಾಟಿಬಿಡುತ್ತದೆ.

ಪ್ಲಸ್ ಎರರ್ ರಿಟರ್ನ್ ಮಾಡಿದರೆ ಪ್ಯಾಚ್‌ನ ಶೈಲಿ ನೋಡುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಬೈಯುತ್ತದೆ. ಯು16 ಚೆಕ್, ರೆಟ್ ಮರೆತ ಗೋಟು, ಇಫಾಲ್ಟ್ ಬದಲು ಉಳಿದ ಬೈಟ್ ಕೊಟ್ಟದ್ದು, ಈ ಮೂರಕ್ಕೂ ಕೋಡ್ ಓಡಿಸದೆಯೇ ತಪ್ಪು ಹುಡುಕುವ ಸ್ಮ್ಯಾಚ್‌ನಲ್ಲಿ ವಾರ್ನಿಂಗ್ ಇದೆ. ಪ್ಯಾಚ್ ಕಳಿಸುವ ಮೊದಲು ಎರಡನ್ನೂ ಓಡಿಸಿ.