ನಾರ್ವೆಯಲ್ಲಿ ಇವಿ ಕಾರು: ಚಾರ್ಜಿಂಗ್ ಹೇಗಿತ್ತು, ದುಡ್ಡು ಎಷ್ಟಾಯ್ತು

ಮೇ ಕೊನೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಎಂಟು ದಿನ ನಾರ್ವೆ ಸುತ್ತಿ ಬಂದೆ. ಓಸ್ಲೋ ಏರ್‌ಪೋರ್ಟಿನಲ್ಲಿ ಬಾಡಿಗೆಗೆ ಇವಿ, ಅಂದರೆ ಎಲೆಕ್ಟ್ರಿಕ್ ಕಾರು, ತೆಗೆದುಕೊಂಡು ಗೋಲ್, ಯೈಲೊ, ಹಾರ್ಡಂಗರ್‌ವಿಡ್ಡ ಬಯಲು ದಾಟಿ ಬರ್ಗೆನ್‌ಗೆ ಹೋದೆವು. ವಾಪಸ್ ಬಂದಿದ್ದು ವೊಸ್, ಫ್ಲೋಮ್, ಲಾರ್ಡಾಲ್ ಕಡೆಯಿಂದ. ಎಲ್ಲಾ ಸೇರಿ 1,140 ಕಿ.ಮೀ. ಹೊರಡುವ ಮೊದಲು ನೆಂಟರಿಷ್ಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಗೊತ್ತಿಲ್ಲದ ದೇಶದಲ್ಲಿ ಚಾರ್ಜ್ ಮುಗಿದರೆ ಏನು ಗತಿ ಅಂತ. ಒಂದು ಸಲವೂ ಚಾರ್ಜ್ ಶೇ. 20ಕ್ಕಿಂತ ಕೆಳಗೆ ಇಳಿಯಲಿಲ್ಲ. ನಾವು ಪಟ್ಟ ಕಷ್ಟವೆಲ್ಲ ದುಡ್ಡು ಕಟ್ಟುವ ಹತ್ತಿರ.

ಮೈಸೂರಿನಲ್ಲಿ ಎರಡು ವರ್ಷದಿಂದ ನೆಕ್ಸಾನ್ ಇವಿ ಓಡಿಸುತ್ತಿದ್ದೇನೆ. ಹಾಗಾಗಿ ಚಾರ್ಜಿಂಗ್ ಗನ್ ಹೊಸದಲ್ಲ, ನಮ್ಮಲ್ಲೂ ಯುರೋಪಿನಲ್ಲೂ ಫಾಸ್ಟ್ ಚಾರ್ಜಿಂಗ್‌ಗೆ ಇರೋದು ಅದೇ ಸಿಸಿಎಸ್2 ಅನ್ನೋ ಪ್ಲಗ್. ಹೊಸದಾಗಿ ಕಂಡಿದ್ದು ಚಾರ್ಜರ್‌ಗಳ ಸಂಖ್ಯೆ. 2024ರಲ್ಲಿ ಆ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಪೂರ್ತಿ ಎಲೆಕ್ಟ್ರಿಕ್. ಗೋಲ್ ಅನ್ನೋದು ಬೆಟ್ಟದ ಬುಡದ ಪುಟ್ಟ ಊರು, ಅಲ್ಲೇ ಬೇರೆ ಬೇರೆ ಕಂಪನಿಯ ಚಾರ್ಜರ್‌ಗಳು ಸಾಲಾಗಿ ನಿಂತಿವೆ. ಒಂದು ಕಡೆ ಭರ್ತಿ ಇದ್ದರೆ ರಸ್ತೆ ದಾಟಿ ಇನ್ನೊಂದು ಕಡೆ ಹಾಕಬಹುದು. ಎರಡು ಪದ ಕಲಿತುಕೊಂಡು ಹೋಗಿ: ಪರದೆ ಮೇಲೆ 'ಲೆಡಿಗ್' ಅಂತಿದ್ದರೆ ಖಾಲಿ ಇದೆ, 'ಒಪ್ಟಾಟ್' ಅಂತಿದ್ದರೆ ಯಾರೋ ಹಾಕಿದ್ದಾರೆ.

ಗೋಲ್ ತಲುಪಿದಾಗ ಚಾರ್ಜ್ ಶೇ. 28 ಇತ್ತು. 80 ಆಗೋಕೆ ಅರ್ಧ ಗಂಟೆ. ಆಮೇಲೆ 85ಕ್ಕೆ ಏರೋಕೆ ಇನ್ನೂ ಹತ್ತು ನಿಮಿಷ ತಿಂದಿತು. 80 ದಾಟಿದ ಮೇಲೆ ಬ್ಯಾಟರಿಯನ್ನು ಕಾಪಾಡೋಕೆ ಕಾರೇ ಕರೆಂಟು ಕಡಿಮೆ ಎಳೆದುಕೊಳ್ಳುತ್ತದೆ, ಸುಮ್ನೆ ಅಲ್ಲಿ ಕಾಯುತ್ತಾ ಕೂರುವುದಕ್ಕಿಂತ ಮುಂದಿನ ಊರಿನಲ್ಲಿ ಹಾಕೋದು ಮೇಲು. ಚಳಿಗೂ ನಿಧಾನವಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಫಾಸ್ಟ್ ಚಾರ್ಜರ್‌ಗೆ ಹೋಗಬೇಡಿ, ಒಂದು ಗಂಟೆ ಓಡಿಸಿ ಬ್ಯಾಟರಿ ಬೆಚ್ಚಗಾದ ಮೇಲೆ ಹಾಕಿ. ಇನ್ನು ಆ ಅರ್ಧ ಗಂಟೆ ವ್ಯರ್ಥ ಅಂತ ನನಗೆ ಒಮ್ಮೆಯೂ ಅನಿಸಲಿಲ್ಲ. ಅಪ್ಪನಿಗೆ ಮಂಡಿ ನೋವು, ಎರಡು ಗಂಟೆಗೊಮ್ಮೆ ಇಳಿದು ಓಡಾಡಲೇಬೇಕು. ಅಮ್ಮ ಡಿಕ್ಕಿ ತೆಗೆದು ಸ್ಟೀಲ್ ಡಬ್ಬಿಯಿಂದ ಗೊಜ್ಜವಲಕ್ಕಿ ಹಂಚುವಷ್ಟರಲ್ಲಿ ಅರ್ಧ ಚಾರ್ಜ್ ಆಗಿರುತ್ತಿತ್ತು. ವಯಸ್ಸಾದವರ ಜೊತೆ ಹೋಗುವವರಿಗೆ ಇವಿಯ ಓಟ ನಿಜಕ್ಕೂ ಹೊಂದುತ್ತದೆ.

ಹಾರ್ಡಂಗರ್‌ವಿಡ್ಡ ಮೇಲೆ ರಸ್ತೆ 1,200 ಮೀಟರ್‌ಗೂ ಎತ್ತರಕ್ಕೆ ಹೋಗುತ್ತದೆ. ಮೇ ತಿಂಗಳಲ್ಲೂ ಎರಡೂ ಬದಿ ಹಿಮ. ಹೀಟರ್ ಜೋರಾಗಿ ಓಡುತ್ತಿತ್ತು, ಏರು ಬೇರೆ, ಅಂಕಿ ಕಣ್ಣೆದುರೇ ಕರಗುತ್ತಿತ್ತು. ಹಿಂದಿನ ಸೀಟಿನಿಂದ ಅಪ್ಪ ಐದು ನಿಮಿಷಕ್ಕೊಮ್ಮೆ "ಎಷ್ಟಿದೆಯೋ ಈಗ?" ಅಂತ ಕೇಳುತ್ತಲೇ ಇದ್ದರು. ವೋರಿಂಗ್ಸ್‌ಫೊಸ್ಸೆನ್ ಜಲಪಾತದ ಹತ್ತಿರ ನಿಲ್ಲಿಸಿದಾಗ 41. ಅಲ್ಲಿಂದ ಐಡ್‌ಫ್ಯೋರ್ಡ್ ಊರಿನ ತನಕ ಸುರಂಗದೊಳಗೆ ಸುತ್ತಿ ಸುತ್ತಿ ಇಳಿಯುವ ದಾರಿ, ಬ್ರೇಕ್ ಮುಟ್ಟದೆ ಮೋಟರಿನ ಹಿಡಿತದಲ್ಲೇ ಇಳಿಸಿದೆ. ಹಾಗೆ ಇಳಿಸುವಾಗ ಮೋಟರೇ ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತದೆ. ಕೆಳಗೆ ನೀರಿನ ದಡಕ್ಕೆ ಬಂದು ನೋಡಿದರೆ 43! ಅಪ್ಪ ಕನ್ನಡಕ ಹಾಕಿಕೊಂಡು ಮುಂದೆ ಬಗ್ಗಿ ತಾವೇ ಓದಿ ನೋಡಿದರು. ಆಮೇಲೆ ಟ್ರಿಪ್ ಮುಗಿಯುವವರೆಗೂ ಆ ಪ್ರಶ್ನೆ ಕೇಳಲಿಲ್ಲ.

ಆ ಜಲಪಾತ 182 ಮೀಟರ್, ನಮ್ಮ ಜೋಗಕ್ಕಿಂತ ಗಿಡ್ಡ. ಜೋಗದ ಹಾಗೆ ಅಲ್ಲೂ ಮೇಲಿನ ನೀರನ್ನು ಕರೆಂಟಿಗೆ ತಿರುಗಿಸಿದ್ದಾರೆ, ಬೇಸಿಗೆಯಲ್ಲಿ ನೋಡುವವರಿಗೆ ಅಂತ ಒಂದಷ್ಟು ಬಿಡುತ್ತಾರೆ. ನಾರ್ವೆಯ ಕರೆಂಟು ಬಹುಪಾಲು ನೀರಿನದ್ದೇ. ಶಿವಮೊಗ್ಗ ಕಡೆಯವರಾದ ಅಮ್ಮನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ದುಡ್ಡಿನ ವಿಷಯ. ಟೆಸ್ಲಾ ಸೂಪರ್‌ಚಾರ್ಜರ್ 2022ರಿಂದ ಅಲ್ಲಿ ಬೇರೆ ಕಾರುಗಳಿಗೂ ತೆರೆದಿದೆ. ಊರಲ್ಲಿದ್ದಾಗಲೇ ಆ್ಯಪ್ ಹಾಕಿಕೊಂಡು ಕಾರ್ಡ್ ಸೇರಿಸಿದ್ದೆ, ಎಲ್ಲೂ ಕೈಕೊಡಲಿಲ್ಲ. ಹೊಸ ಫಾಸ್ಟ್ ಚಾರ್ಜರ್‌ಗಳಲ್ಲಿ ಕಾರ್ಡ್ ಮಷಿನ್ ಇರಲೇಬೇಕು ಅಂತ 2023ರಲ್ಲಿ ನಿಯಮ ಬಂದಿದೆ, ಅಂಥ ಕಡೆ ಕಾರ್ಡ್ ತಾಗಿಸಿದರೆ ಮುಗಿಯಿತು. ತೊಂದರೆ ಹಳೆಯವುಗಳದ್ದು. ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಸಮುದ್ರ) ಪಕ್ಕದ ಒಂದು ಚಿಕ್ಕ ಊರಿನಲ್ಲಿ ರಾತ್ರಿ ಒಂಬತ್ತಕ್ಕೆ ಮಳೆಯಲ್ಲಿ ನಿಂತು ಒಂದು ಕಂಪನಿಯ ಆ್ಯಪ್ ಡೌನ್‌ಲೋಡ್ ಮಾಡಿದೆ. ಕಾರ್ಡ್ ನಂಬರ್ ಹಾಕಿದೆ. ಒಟಿಪಿ ಬರಬೇಕಾದ ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿರಲಿಲ್ಲ, ಅಲ್ಲಿಯ ಇ-ಸಿಮ್‌ನಲ್ಲಿ ಬರೀ ಇಂಟರ್‌ನೆಟ್. ಮೂರು ಸಲ ಪ್ರಯತ್ನ ಮಾಡಿದ ಮೇಲೆ ಬ್ಯಾಂಕಿನವರು ಕಾರ್ಡನ್ನೇ ತಡೆಹಿಡಿದರು. ಅಮ್ಮ ಕಾರಿನೊಳಗಿಂದ ಗಾಜು ಇಳಿಸಿ "ಬಿಡೋ, ಚಳಿ, ಒಳಗೆ ಬಾ" ಅನ್ನುತ್ತಿದ್ದರು. ಕೊನೆಗೆ ಚಾರ್ಜರ್ ಮೇಲೆ ಬರೆದಿದ್ದ ನಂಬರಿಗೆ ಇಂಟರ್‌ನೆಟ್ ಮೂಲಕವೇ ಫೋನ್ ಮಾಡಿದೆ. ಫೋನ್ ಎತ್ತಿದ ಹುಡುಗಿ ಇಂಗ್ಲಿಷಿನಲ್ಲಿ ಚಾರ್ಜರಿನ ನಂಬರ್ ಕೇಳಿ, ಕೂತಲ್ಲಿಂದಲೇ ಆನ್ ಮಾಡಿದಳು. ಕರೆಂಟು ಹರಿಯೋಕೆ ಶುರುವಾಗಿದೆ ಅಂತ ಖಾತ್ರಿಯಾಗೋವರೆಗೂ ಫೋನ್ ಇಡಲಿಲ್ಲ. ಅವಳನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ಹಾಗಾಗಿ ವಿಮಾನ ಹತ್ತುವ ಮೊದಲು ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿ, ಎರಡು ಮೂರು ಆ್ಯಪ್‌ಗೆ ಇಲ್ಲೇ ಕಾರ್ಡ್ ಸೇರಿಸಿ, ಬ್ಯಾಂಕಿನ ಆ್ಯಪ್‌ನಲ್ಲಿ ಹೊರದೇಶದಲ್ಲಿ ಕಾರ್ಡ್ ತಾಗಿಸಿ ದುಡ್ಡು ಕಟ್ಟುವ 'ಟ್ಯಾಪ್' ಆನ್ ಮಾಡಿಕೊಳ್ಳಿ. ಹೊರದೇಶದ ದುಡ್ಡು ಮೊದಲೇ ತುಂಬಿಸಿಟ್ಟ ಫಾರೆಕ್ಸ್ ಕಾರ್ಡ್‌ನಲ್ಲಿ ಸ್ವಲ್ಪ ಜಾಸ್ತಿ ದುಡ್ಡಿರಲಿ. ಕೆಲವು ಮಷಿನ್‌ಗಳು ಮೊದಲು ದೊಡ್ಡ ಮೊತ್ತ ಹಿಡಿದಿಟ್ಟುಕೊಂಡು ಆಮೇಲೆ ಬಳಸಿದಷ್ಟು ಮಾತ್ರ ಕಳೆಯುತ್ತವೆ, ಉಳಿದದ್ದು ನನಗೆ ವಾಪಸ್ ಬಂದಿದ್ದು ನಾಲ್ಕು ದಿನದ ಮೇಲೆ.

ಖರ್ಚು ನಾನು ಅಂದುಕೊಂಡಷ್ಟು ಕಡಿಮೆ ಏನಲ್ಲ. ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ 5ರಿಂದ 7 ಕ್ರೋನ ಬಿತ್ತು. ಒಂದು ಕ್ರೋನಕ್ಕೆ ಆಗ ಸುಮಾರು 8 ರೂಪಾಯಿ ಇತ್ತು, ಲೆಕ್ಕ ಹಾಕಿ. ಪೂರ್ತಿ ಫಾಸ್ಟ್ ಚಾರ್ಜರ್ ನಂಬಿಕೊಂಡಿದ್ದರೆ ಪೆಟ್ರೋಲ್ ಕಾರಿಗಿಂತ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಉಳಿತಾಯ ಆಗಿದ್ದು ರಾತ್ರಿ ತಂಗಿದ ಕಡೆ. ಮೂರು ರಾತ್ರಿ ಚಾರ್ಜಿಂಗ್ ಇರುವ ಜಾಗವನ್ನೇ ಹುಡುಕಿ ಬುಕ್ ಮಾಡಿದ್ದೆ, ಎರಡು ಕಡೆ ಉಚಿತ, ಇನ್ನೊಂದು ಕಡೆ ರಾತ್ರಿಗೆ 100 ಕ್ರೋನ. ಹೊರಗಿನ ಚಾರ್ಜಿಂಗ್‌ಗೆ ಎಂಟು ದಿನಕ್ಕೆ ಆಗಿದ್ದು 690 ಕ್ರೋನ.

ಒಂದು ಮಾತು ಮರೆಯಬೇಡಿ. ಹೋಟೆಲ್‌ಗಳ ಚಾರ್ಜಿಂಗ್ ಪೆಟ್ಟಿಗೆಯಲ್ಲಿ ಎಷ್ಟೋ ಕಡೆ ಬರೀ ಸಾಕೆಟ್ ಇರುತ್ತದೆ, ಅದಕ್ಕೆ ಹಾಕುವ ಟೈಪ್ 2 ಕೇಬಲ್ (ನಿಧಾನ ಚಾರ್ಜಿಂಗ್‌ನದ್ದು) ನಮ್ಮದೇ ಬೇಕು. ನಮಗೆ ಕೊಟ್ಟ ಕಾರಿನ ಡಿಕ್ಕಿಯಲ್ಲಿ ಅದು ಇರಲಿಲ್ಲ. ಬಾಡಿಗೆ ಕೌಂಟರಿನವರು ಮೊದಲು "ಬೇಕಾಗಲ್ಲ" ಅಂದರು. ನಾನು ಜಗ್ಗಲಿಲ್ಲ, ಇನ್ನೊಂದು ಕಾರಿನಿಂದ ತೆಗೆದುಕೊಟ್ಟರು. ಡಿಕ್ಕಿಯ ಅಡಿಹಲಗೆ ಎತ್ತಿ ಕೇಬಲ್ ಕಣ್ಣಾರೆ ನೋಡದೆ ಸಹಿ ಹಾಕಬೇಡಿ.